ಹಡಪಸರದ ರಕ್ತನಿಧಿಯ ಸರ್ವರ್ ಕಾಯ್ದ ಶಿವಗಂಗವ್ವ

ನಿಮ್ಮ ಕಚೇರಿಯ ಕಂಪ್ಯೂಟರಿನ ಪಾಸ್‌ವರ್ಡ್ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಗೊತ್ತಿದೆಯೇ? ಕೆಲಸ ಬಿಟ್ಟು ಹೋದವರ ಹೆಸರು ಇನ್ನೂ ಅದರೊಳಗೆ ಉಳಿದಿದೆಯೇ? ಉಳಿದಿದ್ದರೆ ನಾಚಿಕೊಳ್ಳಬೇಡಿ. ಇಂಥ ಕಚೇರಿಗಳು ಊರೂರಿಗೂ ಇವೆ. ಪುಣೆಯ ಹಡಪಸರದಲ್ಲಿದ್ದ ಒಂದು ರಕ್ತನಿಧಿಯೂ 2005ರ ತನಕ ಹಾಗೆಯೇ ಇತ್ತು.

ಆ ರಕ್ತನಿಧಿಯಲ್ಲಿ ಶಿವಗಂಗವ್ವ ಟೈಪಿಸ್ಟ್ ಆಗಿದ್ದರು. ಸವದತ್ತಿಯ ಹೆಣ್ಣುಮಗಳು. ಗಂಡ ಸಿದ್ದಾರೂಢ ಅಲ್ಲಿಯೇ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸಗಾರ. ಮದುವೆಯಾಗಿ ಪುಣೆಗೆ ಬಂದಾಗ ಶಿವಗಂಗವ್ವನಿಗೆ ಮರಾಠಿಯ ಒಂದು ಮಾತೂ ಬರುತ್ತಿರಲಿಲ್ಲ. ಬಸ್ಸಿನಲ್ಲಿ, ತರಕಾರಿ ಮಂಡಿಯಲ್ಲಿ ಕಿವಿಗೆ ಬಿದ್ದದ್ದನ್ನೇ ಕಲಿತು 1991ರಲ್ಲಿ ಕೆಲಸಕ್ಕೆ ಸೇರಿದರು. ರಕ್ತ ಕೊಡಲು ಬಂದವರ ಹೆಸರು, ವಿಳಾಸ, ರಕ್ತದ ಗುಂಪು, ಕೊಟ್ಟ ದಿನ, ಇಷ್ಟನ್ನೂ ಕಾರ್ಡಿನ ಮೇಲೆ ಟೈಪು ಮಾಡಿ ಗುಂಪಿನ ಪ್ರಕಾರ ಕಪಾಟಿನಲ್ಲಿ ಜೋಡಿಸುವುದು ಅವರ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿದರು.

2003ರಲ್ಲಿ ಸರ್ವರ್ ಬಂತು. ಸರ್ವರ್ ಎಂದರೆ ದಿನವಿಡೀ ಚಾಲೂ ಇರುವ ಒಂದು ಕಂಪ್ಯೂಟರು. ದಾನಿಗಳ ಪಟ್ಟಿ ಪೂರಾ ಅದರಲ್ಲಿತ್ತು. ಪುಣೆಯ ವಾಕಡದಿಂದ ಯೆರವಡಾದವರೆಗೆ ಹನ್ನೊಂದು ಆಸ್ಪತ್ರೆಗಳು ತಮ್ಮ ಜಾಗದಿಂದಲೇ ಇಂಟರ್ನೆಟ್ಟಿನಲ್ಲಿ ಅದನ್ನು ತೆರೆದು, ಯಾವ ಗುಂಪಿನ ರಕ್ತ ಎಷ್ಟಿದೆ, ಯಾವ ದಾನಿಯನ್ನು ಕರೆಯಬಹುದು ಎಂದು ನೋಡುತ್ತಿದ್ದವು. ಮಷೀನು ಕೂಡಿಸಿದ ಎಂಜಿನಿಯರು ಎರಡು ತಿಂಗಳು ಬಂದು ಹೋಗಿ ಮಾಡಿದರು, ಆಮೇಲೆ ನೌಕರಿ ಬದಲಿಸಿ ಊರು ಬಿಟ್ಟರು. ಯಾವ ಕಾಗದ ಎಲ್ಲಿದೆ ಎಂಬುದು ಶಿವಗಂಗವ್ವನಿಗೆ ಮಾತ್ರ ಗೊತ್ತಿದ್ದುದರಿಂದ ಸರ್ವರ್ ನೋಡಿಕೊಳ್ಳುವ ಕೆಲಸವೂ ಅವರ ತಲೆಗೇ ಬಂತು. ಕಲಿಸುವವರು ಯಾರೂ ಇರಲಿಲ್ಲ. ಬೆಳಗ್ಗೆ ಬಂದು ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡುತ್ತಿದ್ದರು. ಉರಿಯುತ್ತಿದ್ದರೆ ಎಲ್ಲ ಸರಿ ಇದೆ ಎಂದುಕೊಳ್ಳುತ್ತಿದ್ದರು.

2005ರ ಫೆಬ್ರವರಿಯ ಒಂದು ಮಂಗಳವಾರ ಹಸಿರು ದೀಪ ಉರಿಯುತ್ತಲೇ ಇತ್ತು. ಆದರೆ ಹತ್ತು ಗಂಟೆಯೊಳಗೆ ಮೂರು ಆಸ್ಪತ್ರೆಗಳಿಂದ ಫೋನು ಬಂತು. ನಿಮ್ಮ ಪಟ್ಟಿ ತೆರೆಯುತ್ತಿಲ್ಲ ಎಂದರು. ನಾಲ್ಕನೆಯ ಫೋನು ಇಂಟರ್ನೆಟ್ ಕಂಪನಿಯದು. ಆ ಕಡೆಯವನು ಹಿಂದಿಯಲ್ಲಿ ಮಾತಾಡಿದ.

"ನಿಮ್ಮ ಲೈನನ್ನು ನಾವೇ ಕತ್ತರಿಸಿದ್ದೇವೆ. ಮೂರು ದಿನದಿಂದ ನಿಮ್ಮ ಸರ್ವರ್ ಬೇರೆಯವರ ಸಾವಿರಾರು ಸರ್ವರುಗಳೊಳಗೆ ನುಗ್ಗಲು ನೋಡುತ್ತಿದೆ. ಎರಡು ಸಲ ಇಮೇಲ್ ಕಳಿಸಿದೆವು. ನೀವು ಉತ್ತರವನ್ನೇ ಕೊಡಲಿಲ್ಲ."

ಆ ಇಮೇಲ್‌ಗಳು ಹೋದದ್ದು ಊರು ಬಿಟ್ಟ ಎಂಜಿನಿಯರರ ವಿಳಾಸಕ್ಕೆ. ಕಂಪನಿಗೆ ಕೊಟ್ಟಿದ್ದ ವಿಳಾಸ ಅದೊಂದೇ.

ಕಚೇರಿಯ ಮ್ಯಾನೇಜರು ಈರಬಸಪ್ಪ ಫೋನು ಇಸಿದುಕೊಂಡು ಜೋರು ಮಾಡಿದರು. ಗದಗಿನವರು, ಐವತ್ತೈದರ ಆಸುಪಾಸು. ಪುಣೆಯ ರವಿವಾರ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿ ಮೇಲೆ ಬಂದವರು. ಶಿಸ್ತಿನ ಮನುಷ್ಯ, ಒಂದು ದಿನವೂ ತಡವಾಗಿ ಬಂದವರಲ್ಲ. ಜೋರಿನಿಂದ ಏನೂ ಆಗಲಿಲ್ಲ. ಮಷೀನು ಸರಿಪಡಿಸುವ ತನಕ ಲೈನು ಕೊಡುವುದಿಲ್ಲ ಎಂದು ಕಂಪನಿಯವನು ಫೋನು ಇಟ್ಟುಬಿಟ್ಟ.

"ನಮ್ಮ ಮಷೀನ್ ಒಂದ್ ಮೂಲ್ಯಾಗ ಸುಮ್ಮನ ಕುಂತದ. ಅದು ಯಾರ ಮನಿಗೆ ನುಗ್ಗತದ್ರಿ?" ಎಂದು ಈರಬಸಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಶಿವಗಂಗವ್ವ ಹೋಗಿ ಹಸಿರು ದೀಪವನ್ನು ಇನ್ನೊಮ್ಮೆ ನೋಡಿ ಬಂದರು.

ಅದೇ ದಿನ ಮಧ್ಯಾಹ್ನ ವಾಕಡದ ಆಸ್ಪತ್ರೆಯಿಂದ ಮತ್ತೆ ಫೋನು. ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಹತ್ತು ಜನರಲ್ಲಿ ಹುಡುಕಿದರೂ ಸಿಗದ ಗುಂಪು ಅದು. ಫ್ರಿಜ್ಜಿನಲ್ಲಿ ಒಂದೇ ಬಾಟಲಿ ಇತ್ತು, ತಕ್ಷಣ ಕಳಿಸಿದರು. ಇನ್ನೊಂದು ಬೇಕಾಗಬಹುದು ಎಂದಿದ್ದರು. ಬೇರೆ ದಿನವಾಗಿದ್ದರೆ ಆಸ್ಪತ್ರೆಯವರೇ ಐದು ನಿಮಿಷದಲ್ಲಿ ದಾನಿಯನ್ನು ಹುಡುಕಿ ಕರೆಯುತ್ತಿದ್ದರು. ಕಚೇರಿಯಲ್ಲಿಯೂ ಪಟ್ಟಿ ತೆರೆಯುತ್ತಿದ್ದದ್ದು ಅದೇ ಇಂಟರ್ನೆಟ್ ಲೈನಿನ ಮೇಲೆ, ಈಗ ಅದೂ ಬಂದ್. ಹೊಸ ದಾನಿಗಳ ಅರ್ಜಿಗಳು ಕಟ್ಟು ಕಟ್ಟಾಗಿ ಬಿದ್ದಿದ್ದವು, ಆದರೆ ಬಂದ ದಿನದ ಪ್ರಕಾರ. ಗುಂಪಿನ ಪ್ರಕಾರ ಅಲ್ಲ. ಸರ್ವರ್ ಬಂದ ಮೇಲೆ ಕಾರ್ಡು ಮಾಡುವುದನ್ನೇ ನಿಲ್ಲಿಸಿದ್ದರು.

ಶಿವಗಂಗವ್ವ ಹಳೆಯ ಕಪಾಟಿನ ಮುಂದೆ ನಿಂತು ಕಣ್ಣು ಮುಚ್ಚಿಕೊಂಡರು. ಟೈಪು ಮಾಡಿದ್ದೆಲ್ಲ ಬೆರಳಿಗೆ ನೆನಪಿತ್ತು. ಜಟ್ಟೆಪ್ಪ. ಯೆರವಡಾದಲ್ಲಿ ರಿಕ್ಷಾ ರಿಪೇರಿ ಮಾಡುವವರು. ಓ ನೆಗೆಟಿವ್. ಹೋದ ಅಕ್ಟೋಬರಿನಲ್ಲಿ ಕೊಟ್ಟಿದ್ದರು, ಅಂದರೆ ಈಗ ಮತ್ತೆ ಕೊಡಬಹುದು. ಕಾರ್ಡು ತೆಗೆದು ಗ್ಯಾರೇಜಿನ ಪಕ್ಕದ ಅಂಗಡಿಗೆ ಫೋನು ಮಾಡಿಸಿದರು. ಜಟ್ಟೆಪ್ಪ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಲೇ ಬಂದರು. ಪರೀಕ್ಷೆಗಳೆಲ್ಲ ಮುಗಿದು ಸಂಜೆಯ ಹೊತ್ತಿಗೆ ಎರಡನೆಯ ಬಾಟಲಿ ವಾಕಡ ಮುಟ್ಟಿತು. ತಾಯಿ ಉಳಿದಳು.

ಎಲ್ಲರೂ ಶಿವಗಂಗವ್ವನ ನೆನಪನ್ನು ಹೊಗಳಿದರು. ಅವರ ತಲೆಯಲ್ಲಿ ಮಾತ್ರ ಬೇರೆಯೇ ಲೆಕ್ಕ ನಡೆದಿತ್ತು. ಜಟ್ಟೆಪ್ಪ ಹಳೆಯ ದಾನಿ, ಕಾರ್ಡು ಇತ್ತು. ಇವತ್ತು ತಾನು ರಜೆ ಹಾಕಿದ್ದರೆ? ಬೇಕಾದ ದಾನಿ ಹೋದ ವರ್ಷ ಸೇರಿದವನಾಗಿದ್ದರೆ?

ಅವರ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯಲ್ಲಿ ಮಂಜರಿ ಇದ್ದಳು. ಬೆಳಗಾವಿಯವಳು, ಯೆರವಡಾದ ಒಂದು ಕಂಪನಿಯಲ್ಲಿ ನಲವತ್ತು ಸರ್ವರ್ ನೋಡಿಕೊಳ್ಳುವ ಕೆಲಸ. ಸಂಜೆ ಮನೆಗೆ ಬಂದವರೇ ಶಿವಗಂಗವ್ವ ಚೀಲವನ್ನೂ ಇಳಿಸದೆ ಅವಳ ಬಾಗಿಲು ತಟ್ಟಿದರು. ನಡೆದದ್ದನ್ನೆಲ್ಲ ಕೇಳಿ ಮಂಜರಿ ಹೇಳಿದ್ದು ಇಷ್ಟೇ: "ನಾಳೆ ಅರ್ಧಾ ದಿನ ರಜಾ ಹಾಕ್ತೀನ್ರಿ ಅಕ್ಕಾ. ಅಲ್ಲೀತನಕ ಯಾರೂ ಅದನ್ನ ಮುಟ್ಟೂದು ಬ್ಯಾಡ."

ಮರುದಿನ ಮಂಜರಿ ಸರ್ವರಿನ ಮುಂದೆ ಕುಳಿತಳು. ಒಳಗೆ ಯಾರು ಯಾವಾಗ ಬಂದರು, ಯಾವಾಗ ಹೋದರು ಎಂಬುದನ್ನು ಸರ್ವರ್ ತಾನೇ ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಎರಡು ವರ್ಷದಲ್ಲಿ ಶಿವಗಂಗವ್ವ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ.

"ಅಕ್ಕಾ, ಶನಿವಾರ ಮಧ್ಯಾಹ್ನ 'ಟೆಸ್ಟ್' ಅನ್ನೋ ಹೆಸರಿನ್ಯಾಗ ಒಬ್ರು ಒಳಗ ಬಂದಾರ. ಯಾರವರು?"

"ಆ ಹೆಸರಿನವ್ರು ಇಲ್ಲೆ ಯಾರೂ ಇಲ್ಲವಾ."

ಮಂಜರಿ ಹೆಸರಿನ ಜಾಗದಲ್ಲಿ ಟೆಸ್ಟ್ ಎಂದು ಒತ್ತಿದಳು. ಪಾಸ್‌ವರ್ಡಿನ ಜಾಗದಲ್ಲೂ ಅದನ್ನೇ ಒತ್ತಿದಳು. ಸರ್ವರ್ ತೆರೆದುಕೊಂಡಿತು.

"ಎಂಜಿನಿಯರ್ ಪರೀಕ್ಷಾ ಮಾಡಾಕ ಅಂತ ಇಟ್ಟಿದ್ರು ಕಾಣಸ್ತದ. ಹೋಗೋ ಮುಂದ ತೆಗೀಲಿಲ್ಲ. ಇಂಥಾ ಹೆಸರು ಇದ್ದೇ ಇರ್ತಾವ ಅಂತ ಹೊರಗಿನವ್ರಿಗೆ ಗೊತ್ತಿರ್ತದರಿ. ಅದ್ರ ಮ್ಯಾಲೆ 'ರೂಟ್' ಅಂತ ಒಂದು ಹೆಸರು ಎಲ್ಲಾ ಸರ್ವರಿನ್ಯಾಗೂ ಇರ್ತದ. ಅದು ಮಷೀನಿನ ಯಜಮಾನಂದು. ಒಳಗ ಬಂದವ್ರು ಅದನ್ನೂ ಹಿಡಕೊಂಡಾರ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಈರಬಸಪ್ಪ ಒಳಗೆ ಬಂದರು.

"ತಂಗೀ, ನನಗ ಒಂದು ತಿಳೀವಲ್ತು. ಇಲ್ಲೆ ಏನದ ಅಂತ ಬಂದಾರ ಅವ್ರು? ಬಂಗಾರ ಅದನೋ ಬೆಳ್ಳಿ ಅದನೋ? ನಮ್ಮ ಹೆಸರರೆ ಅವ್ರಿಗೆ ಗೊತ್ತದನು?"

"ಗೊತ್ತಿಲ್ರಿ ಕಾಕಾ. ಹುಡುಕೊಂಡು ಬಂದವ್ರಲ್ಲ. ಇಂಟರ್ನೆಟ್ಟಿನ್ಯಾಗ ಒಂದೊಂದು ಮಷೀನಿಗೂ ಒಂದೊಂದು ನಂಬರ್ ಇರ್ತದ, ಆ ಎಲ್ಲಾ ನಂಬರಿಗೂ ಸಾಲಾಗಿ ತಟ್ಟಕೋತ ಹೋಗೂದಕ್ಕ ಅವ್ರು ಒಂದು ಪ್ರೋಗ್ರಾಮ್ ಬಿಟ್ಟಿರ್ತಾರ. ಎಲ್ಲೆ ತೆರೀತದೋ ಅಲ್ಲೆ ಕೂಡತಾರ. ನಿಮ್ಮ ಸಾಮಾನು ಬೇಕಾಗಿಲ್ಲ ಅವ್ರಿಗೆ, ನಿಮ್ಮ ಮಷೀನ್ ಬೇಕು. ಇಲ್ಲಿಂದ ಬ್ಯಾರೇದವ್ರ ಮ್ಯಾಲೆ ಹೋಗಬಹುದು, ಹೆಸರು ನಿಮ್ಮದು ಬರ್ತದ."

"ಹಂಗಾರ ಆ ಟೆಸ್ಟ್ ಅನ್ನೂದನ್ನ ಅಳಿಸಿ ಹಾಕು. ಮುಗೀತಲ್ಲ. ಇವತ್ತ ಲೈನ್ ಕೇಳೂಣು."

"ಮುಗೀಲಿಲ್ರಿ. ಒಳಗ ಬಂದವ್ರು ಮತ್ತೆ ಬರಾಕ ಎಲ್ಲೆಲ್ಲಿ ದಾರಿ ಮಾಡ್ಕೊಂಡಾರೋ ಹೇಳಾಕ ಬರೂದಿಲ್ಲ. ಪೂರಾ ಅಳಿಸಿ ಮೊದಲಿಂದ ಕೂಡಿಸಬೇಕು. ನಾಕ್ ದಿನಾ ಬೇಕು."

ಈರಬಸಪ್ಪನವರ ಮುಖ ಗಂಟಿಕ್ಕಿತು. "ನಡಿಯೋ ಮಷೀನ್ ಅಳಸ್ತಾರೇನು? ಹನ್ನೊಂದು ದವಾಖಾನಿ ಬಾಯಿ ತಕ್ಕೊಂಡು ಕುಂತಾವ. ಅದು ಆಗೂದಿಲ್ಲ."

ಶಿವಗಂಗವ್ವ ಹದಿನಾಲ್ಕು ವರ್ಷದಲ್ಲಿ ಈರಬಸಪ್ಪನವರ ಮಾತಿಗೆ ಎದುರಾಡಿದವರಲ್ಲ. ಅವರ ಮನಸ್ಸು ಹಿಂದಿನ ದಿನದ ವಾಕಡದ ಹೆಂಗಸಿನ ಮೇಲೆಯೇ ಇತ್ತು.

"ಸಾಹೇಬ್ರ," ಎಂದರು, "ಒಳಗ ಬಂದವ್ರು ನಮ್ಮ ಪಟ್ಟಿ ಒಳಗ ಕೈ ಆಡಿಸಿದ್ರ? ಒಬ್ರ ಗುಂಪಿನ ಮುಂದಿನ ಅಕ್ಷರ ಬದಲಾಗಿದ್ರ? ದವಾಖಾನ್ಯಾಗ ಮತ್ತೊಮ್ಮೆ ಪರೀಕ್ಷಾ ಮಾಡೇ ಮಾಡ್ತಾರ, ಖರೆ. ಆದ್ರ ಅವಸರದಾಗ ತಪ್ಪು ಮನಷ್ಯಾನ್ನ ಕರಸಿ, ಇವನ ಗುಂಪು ಇದಲ್ಲ ಅಂತ ಗೊತ್ತಾಗೂದ್ರಾಗ ಎಷ್ಟು ಹೊತ್ತು ಹೋಗ್ತದ್ರಿ? ಮತ್ತ ಯಾರ ರಕ್ತಾ ಯಾಕ ಬ್ಯಾಡ ಅಂದ್ವಿ ಅನ್ನೂದೂ ಅದರಾಗ ಅದ. ಯಾರಿಗೂ ಹೇಳೂದಿಲ್ಲ ಅಂತ ಮಾತು ಕೊಟ್ಟು ಬರಸ್ಕೊಂಡೀವಿ. ನಾನ ಟೈಪ್ ಮಾಡೀನಿ ಅದನ್ನ."

ಈರಬಸಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ಈ ಮಾತು ಅವರಿಗೆ ಹೊಳೆದೇ ಇರಲಿಲ್ಲ.

"ಅಳಿಸ್ರಿ," ಎಂದರು ಕೊನೆಗೆ. "ದವಾಖಾನಿಗಳಿಗೆ ನಾನು ಫೋನ್ ಮಾಡಿ ಹೇಳ್ತೀನಿ."

ಪ್ರತಿ ಶನಿವಾರ ಪಟ್ಟಿಯ ಒಂದು ನಕಲನ್ನು ಸೀಡಿಗೆ ಹಾಕಿ ಇಡುವ ರೂಢಿ ಇತ್ತು. ಬ್ಯಾಕಪ್ ಎಂದು ದಿನಾಂಕ ಬರೆದ ಸೀಡಿಗಳು ಡಬ್ಬಿಯ ತುಂಬ ಇದ್ದವು. ಮಂಜರಿ ಒಂದೊಂದಾಗಿ ಹಾಕಿ ನೋಡಿದಳು. ಕಳೆದ ನವೆಂಬರಿನಿಂದ ಈಚಿನವೆಲ್ಲ ಖಾಲಿ. ಸೀಡಿ ಬರೆಯುವ ಭಾಗ ಕೆಟ್ಟುಹೋಗಿ ಮೂರು ತಿಂಗಳಾಗಿತ್ತು. ಬರೆದದ್ದನ್ನು ಯಾರೂ ತೆರೆದು ನೋಡದ್ದರಿಂದ ಗೊತ್ತಾಗಿರಲಿಲ್ಲ. ಶಿವಗಂಗವ್ವನ ಕಣ್ಣಲ್ಲಿ ನೀರು ಬಂತು.

"ನಂದ ತಪ್ಪವಾ ಇದು."

"ನಿಮಗ ಯಾರರೆ ಹೇಳಿಕೊಟ್ಟಿದ್ರೇನ್ರಿ ಅಕ್ಕಾ? ಇಲ್ಲಲ್ಲ. ಇನ್ನ ಕಲ್ಯೂಣು. ಆದ್ರ ಒಂದ್ ಮಾತು. ನಾ ಕೀಬೋರ್ಡ್ ಮುಟ್ಟೂದಿಲ್ಲ. ನಾ ಹೇಳ್ತೀನಿ, ನೀವ ಮಾಡ್ರಿ. ನಾ ದಿನಾ ಬರಾಕ ಆಗೂದಿಲ್ಲ, ನೀವು ದಿನಾ ಇರ್ತೀರಿ."

ಹೀಗೆ ಶುರುವಾಯಿತು. ಶಿವಗಂಗವ್ವ ಇನ್ನೂರು ಪುಟದ ನೋಟುಪುಸ್ತಕ ತಂದರು. ಮೊದಲ ಪುಟದಲ್ಲಿ ತಾರೀಖು ಹಾಕಿ, ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆಯುತ್ತ ಹೋದರು. ಇರುವ ಪಟ್ಟಿಯನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟು ಸರ್ವರನ್ನು ಪೂರಾ ಅಳಿಸಿದರು. ಹೊಸದಾಗಿ ಕೂಡಿಸುವಾಗ ಪರದೆಯ ಮೇಲೆ ಒಂದು ಉದ್ದ ಯಾದಿ ಬಂತು: ಇಮೇಲ್ ಕಳಿಸುವುದು, ಕಡತ ಹಂಚುವುದು, ಮುದ್ರಣ, ಇನ್ನೂ ಏನೇನೋ.

"ಇದರಾಗ ನಿಮಗ ಯಾವ್ಯಾವು ಬೇಕ್ರಿ?" ಎಂದಳು ಮಂಜರಿ.

"ದಾನಿಗಳ ಪಟ್ಟಿ ತೋರ್ಸೂದು ಒಂದ ಬೇಕು. ಉಳಿದದ್ದು ಏನಂತ ನನಗ ಗೊತ್ತಿಲ್ಲ."

"ಗೊತ್ತಿಲ್ಲದ್ದನ್ನ ಹಾಕಬ್ಯಾಡ್ರಿ. ಬೇಕಾದ್ರ ಯಾರರೆ ಕೇಳ್ತಾರ, ಆವಾಗ ಹಾಕೂಣು. ಒಂದೊಂದೂ ಒಂದ್ ಬಾಗಿಲ ಇದ್ದಂಗ ನೋಡ್ರಿ. ಉಪಯೋಗ ಇಲ್ಲದ ಬಾಗಿಲ ಯಾಕ ಇಡಬೇಕು?"

ಹಳೆಯ ಸರ್ವರಿನಲ್ಲಿ ಹದಿನೇಳು ಬಾಗಿಲು ತೆರೆದಿದ್ದವು. ಹೊಸದರಲ್ಲಿ ಎರಡೇ ಉಳಿದವು: ಒಂದು ಪಟ್ಟಿ ತೋರಿಸಲು, ಇನ್ನೊಂದು ಮಷೀನು ನೋಡಿಕೊಳ್ಳುವವರು ಒಳಗೆ ಬರಲು. ಅವುಗಳ ಮುಂದೆ ಫೈರ್‌ವಾಲ್ ಎಂಬ ಕಾವಲನ್ನೂ ಹಾಕಿದರು. ಆ ಎರಡು ದಾರಿ ಬಿಟ್ಟು ಬೇರೆ ಕಡೆಯಿಂದ ಬಂದದ್ದನ್ನೆಲ್ಲ ಅದು ಹೊರಗೇ ತಡೆಯುತ್ತದೆ. ರೂಟ್ ಹೆಸರಿನಲ್ಲಿ ಹೊರಗಿನಿಂದ ಯಾರೂ ಬರದಂತೆ ಮಾಡಿದರು. ಮಷೀನು ತಯಾರಿಸಿದ ಮೇಲೆ ಅದರ ಪ್ರೋಗ್ರಾಮುಗಳಲ್ಲಿ ಲೋಪ ಕಂಡುಬಂದಾಗ ತಯಾರಕರು ಕಳಿಸುವ ತಿದ್ದುಪಡಿಗಳಿಗೆ ಅಪ್‌ಡೇಟ್ ಎಂದು ಹೆಸರು. ಎರಡು ವರ್ಷದ ಅಪ್‌ಡೇಟ್‌ಗಳು ಒಂದೂ ಆಗಿರಲಿಲ್ಲ; ಮಂಜರಿ ತನ್ನ ಕಂಪನಿಯಿಂದ ಸೀಡಿಯಲ್ಲಿ ತಂದುಕೊಟ್ಟಳು, ಶಿವಗಂಗವ್ವ ಹಾಕಿದರು. ಒಂದು ಕಡೆ ತಪ್ಪು ಒತ್ತಿ ಅರ್ಧ ದಿನದ ಕೆಲಸ ಹಾಳಾಯಿತು. ಮಂಜರಿ ನಗುತ್ತ "ನಂದೂ ಮೊದಲ ಸಲ ಹಿಂಗ ಆಗಿತ್ರಿ" ಎಂದಳು. ಮತ್ತೆ ಮೊದಲಿಂದ ಮಾಡಿದರು. ಎರಡನೆಯ ಸಲ ನೋಟುಪುಸ್ತಕ ನೋಡಿ ಮಾಡಿದ್ದರಿಂದ ಮಂಜರಿಯನ್ನು ಕೇಳುವ ಪ್ರಸಂಗವೇ ಬರಲಿಲ್ಲ.

ಆಮೇಲೆ ಪಟ್ಟಿ. ತೆಗೆದಿಟ್ಟ ಪಟ್ಟಿಯ ಒಂದೊಂದು ಹೆಸರನ್ನೂ ಕಾಗದದ ಅರ್ಜಿಗೆ ಹೋಲಿಸಿ ನೋಡಬೇಕಿತ್ತು. ಹಳೆಯ ದಾನಿಗಳಿಗೆ ಕಾರ್ಡುಗಳು, ಹೊಸಬರಿಗೆ ಅರ್ಜಿಗಳ ಕಟ್ಟು. ಶಿವಗಂಗವ್ವ ಓದಿದರು, ಎದುರಿಗೆ ಕುಳಿತು ಕಾಗದದ ಮೇಲೆ ಗೆರೆ ಎಳೆದವರು ಈರಬಸಪ್ಪ. ಮ್ಯಾನೇಜರು ಈ ಕೆಲಸಕ್ಕೆ ಕುಳಿತದ್ದನ್ನು ಕಚೇರಿಯವರು ನಂಬಲಿಲ್ಲ. ಮೂರು ದಿನ, ನಾಲ್ಕು ಸಾವಿರದ ಮೇಲೆ ಹೆಸರುಗಳು. ಒಂದೂ ಬದಲಾಗಿರಲಿಲ್ಲ. ಕೊನೆಯ ಕಟ್ಟು ಮುಗಿದಾಗ ಈರಬಸಪ್ಪ ಪೆನ್ನು ಕೆಳಗಿಟ್ಟು, "ಈಗ ನಿದ್ದಿ ಬರ್ತದ," ಎಂದರು.

ಲೈನು ಬಂತು. ಕಂಪನಿಗೆ ಕೊಟ್ಟ ಹೊಸ ವಿಳಾಸ ಶಿವಗಂಗವ್ವನದು, ಜೊತೆಗೆ ಅವರ ಫೋನ್ ನಂಬರೂ.

ಕಷ್ಟದ ಕೆಲಸ ಇನ್ನೂ ಬಾಕಿ ಇತ್ತು, ಅದು ಮನುಷ್ಯರದು. ಮೊದಲು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇತ್ತು. ಈಗ ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್. ಯಾರೂ ಇನ್ನೊಬ್ಬರಿಗೆ ಹೇಳುವಂತಿಲ್ಲ. ಒಂದು ವಾರ ಕಚೇರಿಯಲ್ಲಿ ಗೊಣಗಾಟವೇ ಗೊಣಗಾಟ. ಈರಬಸಪ್ಪನವರಿಗೆ ಬೇರೆಯದೇ ಬೇಸರ.

"ಶಿವಗಂಗವ್ವಾರ, ಆ ರೂಟ್ ಪಾಸ್‌ವರ್ಡ್ ನನಗೂ ಒಂದ್ ಬರದು ಕೊಡ್ರಿ. ಮ್ಯಾನೇಜರ್ ಅದೀನಿ ನಾನು."

ಸಾಹೇಬರಿಗೆ ಇಲ್ಲ ಎನ್ನುವುದು ಶಿವಗಂಗವ್ವನಿಗೆ ಸುಲಭವಿರಲಿಲ್ಲ. ಆದರೂ ಹೇಳಿದರು. "ಸಾಹೇಬ್ರ, ನಿಮ್ಮ ಕೆಲಸಕ್ಕ ಏನ್ ಬೇಕೋ ಅದೆಲ್ಲಾ ನಿಮ್ಮ ಹೆಸರಿನ್ಯಾಗ ತೆರೀತದ. ರೂಟ್ ಬೇಕಾಗೂದು ಮಷೀನ್ ರಿಪೇರಿಗೆ ಮಾತ್ರ. ನನಗ ಏನರೆ ಆದ್ರ ಬೇಕಾಗ್ತದಂತ ಲಕೋಟಿ ಒಳಗ ಹಾಕಿ ಸೀಲ್ ಮಾಡಿ ತಿಜೋರ್ಯಾಗ ಇಟ್ಟೀನ್ರಿ. ಅದರ ಕೀಲಿ ನಿಮ್ಮ ಕಡೆನ ಅದ. ಒಡದ್ರ ಇಬ್ಬರಿಗೂ ಗೊತ್ತಾಗಬೇಕು, ಅಷ್ಟ."

ಈರಬಸಪ್ಪ ತಮ್ಮ ಮೇಜಿಗೆ ಹೋಗಿ ಕುಳಿತರು. ಎರಡು ದಿನ ಶಿವಗಂಗವ್ವನ ಜೊತೆ ಮಾತು ಕಡಿಮೆ ಮಾಡಿದರು. ಮೂರನೆಯ ದಿನ ರಕ್ತನಿಧಿಯ ಮುಖ್ಯಸ್ಥ ಡಾಕ್ಟರ್ ಏಕನಾಥ ಬಂದು, ತಮಗೆ ಇಷ್ಟುದ್ದದ ಪಾಸ್‌ವರ್ಡ್ ನೆನಪಿರುವುದಿಲ್ಲ, ಮೊದಲಿನದನ್ನೇ ಕೊಡಿ ಎಂದು ಮರಾಠಿಯಲ್ಲಿ ಕೇಳಿದರು. ಶಿವಗಂಗವ್ವ ಮರಾಠಿಯಲ್ಲಿಯೇ, "ಸರ್, ಅದು ಮಾತ್ರ ಆಗುವುದಿಲ್ಲ. ನೆನಪಿಡುವ ಉಪಾಯ ಹೇಳಿಕೊಡುತ್ತೇನೆ" ಎಂದು, ಅವರಿಗೆ ಮಾತ್ರ ಗೊತ್ತಿರುವ ನಾಲ್ಕು ಸಂಬಂಧವಿಲ್ಲದ ಶಬ್ದಗಳನ್ನು ಆರಿಸಿ ಸೇರಿಸಲು ಹೇಳಿದರು. ಆರಿಸುವಾಗ ತಾವು ಬೇರೆ ಕಡೆ ತಿರುಗಿ ನಿಂತರು. ಡಾಕ್ಟರು ನಕ್ಕು ಹಾಗೆಯೇ ಮಾಡಿದರು.

ಪಕ್ಕದ ಮೇಜಿನಿಂದ ಇದನ್ನೆಲ್ಲ ನೋಡುತ್ತಿದ್ದ ಈರಬಸಪ್ಪ, ಡಾಕ್ಟರು ಹೋದ ಮೇಲೆ, "ನನಗೊಬ್ಬನಿಗೇ ಇಲ್ಲ ಅಂದ್ರೇನೋ ಅನ್ಕೊಂಡಿದ್ದೆ. ದೊಡ್ಡ ಸಾಹೇಬ್ರಿಗೂ ಇಲ್ಲ ಅಂದ್ರಿ. ಛಲೋ ಮಾಡಿದ್ರಿ," ಎಂದರು. ಅವತ್ತೇ ಕಚೇರಿಗೆಲ್ಲ ಸುತ್ತೋಲೆ ಹೊರಡಿಸಿದರು: ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಸಂಜೆಯೊಳಗೆ ಅವರ ಹೆಸರು ಸರ್ವರಿನಿಂದ ಹೋಗಬೇಕು, ಶಿವಗಂಗವ್ವನವರ ಸಹಿ ಇಲ್ಲದೆ ಕೊನೆಯ ಲೆಕ್ಕ ಚುಕ್ತಾ ಆಗುವುದಿಲ್ಲ.

ಆಮೇಲಿನ ದಿನಗಳಲ್ಲಿ ಶಿವಗಂಗವ್ವನ ಬೆಳಗು ಲಾಗ್ ಓದುವುದರಿಂದ ಶುರುವಾಗುತ್ತಿತ್ತು. ಮೊದಲ ದಿನ ಅವರು ಬೆಚ್ಚಿಬಿದ್ದರು. ಒಂದೇ ದಿನದಲ್ಲಿ ಎರಡು ಸಾವಿರದ ಏಳುನೂರು ಸಲ ಯಾರೋ ಬಾಗಿಲು ತಟ್ಟಿದ್ದರು. ರೂಟ್, ಟೆಸ್ಟ್, ಗೆಸ್ಟ್ ಎಂದು ಹೆಸರು ಬದಲಿಸಿ ಬದಲಿಸಿ ನೋಡಿದ್ದರು. ಮಂಜರಿಗೆ ಫೋನು ಮಾಡಿದರು.

"ಒಬ್ರರೆ ಒಳಗ ಬಂದಾರೇನ್ರಿ?" ಎಂದಳು ಮಂಜರಿ.

"ಇಲ್ಲ. ಒಬ್ರೂ ಇಲ್ಲ."

"ಮತ್ತ? ತಟ್ಟೂದನ್ನ ನಿಲ್ಸಾಕ ಆಗೂದಿಲ್ರಿ ಅಕ್ಕಾ. ಒಳಗ ಬರೂದನ್ನ ನಿಲ್ಸಬಹುದು. ನೀವು ನಿಲ್ಸೀರಿ."

ಫೋನು ಇಟ್ಟ ಮೇಲೆ ಶಿವಗಂಗವ್ವ ಆ ಲಾಗನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದರು. ಎರಡು ಸಾವಿರದ ಏಳುನೂರು ಸಾಲು, ಪ್ರತಿ ಸಾಲಿನ ಕೊನೆಗೂ ವಿಫಲ ಎಂದಿತ್ತು. ಟೈಪಿಂಗ್ ಪರೀಕ್ಷೆಯಲ್ಲಿ ಪಾಸಾದ ದಿನ ಆದಷ್ಟೇ ಹಿಗ್ಗು ಆಯಿತು. ಸಂಜೆ ಗಂಡನಿಗೆ ಅದರ ಪ್ರಿಂಟು ತಂದು ತೋರಿಸಿದರು. ಸಿದ್ದಾರೂಢನಿಗೆ ಓದಲು ತಿಳಿಯಲಿಲ್ಲ. ಆದರೂ ಹಾಳೆಗಳನ್ನು ಮಡಚದೆ, ಮನೆಪತ್ರ ಇಡುವ ಟ್ರಂಕಿನೊಳಗೆ ಜೋಪಾನವಾಗಿ ಇಟ್ಟರು.

ಪ್ರತಿ ತಿಂಗಳ ಮೊದಲ ಶನಿವಾರ ಅವರು ಬ್ಯಾಕಪ್ ತೆಗೆದುಕೊಂಡು ಒಂದು ಹಳೆಯ ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದರು. ಪಟ್ಟಿ ತೆರೆದರೆ ಮಾತ್ರ ಅದು ಬ್ಯಾಕಪ್; ತೆರೆಯದಿದ್ದರೆ ಬರೀ ಸೀಡಿ. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಡಾಕ್ಟರ್ ಏಕನಾಥರ ಬೇರೊಂದು ಕಟ್ಟಡದಲ್ಲಿ. ಅಪ್‌ಡೇಟಿನ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ನಿಘಂಟು ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದರು. ಆರು ತಿಂಗಳಲ್ಲಿ ನಿಘಂಟು ಬೇಕಾಗುವುದು ಕಡಿಮೆಯಾಯಿತು.

ಮರುವರ್ಷ ಜೂನ್ ತಿಂಗಳು. ಪಟ್ಟಿ ನೋಡುವ ಹನ್ನೊಂದು ಆಸ್ಪತ್ರೆಗಳಲ್ಲಿ ಒಂದರ ಸ್ವಂತ ಸರ್ವರಿಗೆ ಯಾರೋ ನುಗ್ಗಿ ರೋಗಿಗಳ ದಾಖಲೆ ಹಾಳುಮಾಡಿದರು. ಬೇರೆ ಆಸ್ಪತ್ರೆಯವರಿಗೂ ದಿಗಿಲು ಹತ್ತಿತು. ನಿಮ್ಮಲ್ಲಿ ಯಾರು ಇದನ್ನು ನೋಡುತ್ತಾರೆ, ಎಲ್ಲಿಯ ಎಂಜಿನಿಯರು ಎಂದು ಡಾಕ್ಟರ್ ಏಕನಾಥರನ್ನು ಕೇಳಿದರು. ನಮ್ಮ ಟೈಪಿಸ್ಟ್ ಎಂದಾಗ ಅವರು ನಂಬಲಿಲ್ಲ. ಒಂದು ರವಿವಾರ ಬೆಳಗ್ಗೆ ಹನ್ನೊಂದೂ ಆಸ್ಪತ್ರೆಯವರು ರಕ್ತನಿಧಿಯ ಮೇಲಿನ ಹಾಲಿನಲ್ಲಿ ಸೇರಿದರು. ಇಪ್ಪತ್ತಾರು ಜನ. ಬಹಳಷ್ಟು ಮಂದಿ ಶಿವಗಂಗವ್ವನ ಹಾಗೆಯೇ ಕಾರಕೂನರು, ದಾಖಲೆ ಬರೆಯುವವರು. ಕೆಲವರು ಡಿಗ್ರಿ ಮುಗಿಸಿದ ಎಂಜಿನಿಯರುಗಳು.

ಪರಿಚಯ ಮಾಡಿಕೊಡಲು ಈರಬಸಪ್ಪ ಎದ್ದು ನಿಂತರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮರಾಠಿಯಲ್ಲಿ ಶುರು ಮಾಡಿ, ಬಹಳ ಹೇಳಬೇಕೆಂದುಕೊಂಡು, ನಡುವೆ ಮಾತು ತಡವರಿಸಿ ಕೊನೆಗೆ ಇಷ್ಟು ಹೇಳಿದರು: "ಇವರು ಬೇಡ ಎಂದದ್ದನ್ನು ನಾನು ಮೊದಲು ಒಪ್ಪಿರಲಿಲ್ಲ. ಈಗ ಇವರು ಹೂಂ ಅನ್ನುವ ತನಕ ನಾನು ಏನೂ ಮಾಡುವುದಿಲ್ಲ."

ಹಾಲಿನಲ್ಲಿ ನಗು ಎದ್ದಿತು. ಮುಂದಿನ ಸಾಲಿನಲ್ಲಿ ಕುಳಿತ ಎಂಜಿನಿಯರ್ ಒಬ್ಬ ಕೈ ಎತ್ತಿದ.

"ಮೇಡಂ, ನೀವು ಇದನ್ನು ಯಾವ ಕೋರ್ಸಿನಲ್ಲಿ ಕಲಿತಿರಿ?"

"ಕೋರ್ಸು ಮಾಡಿಲ್ಲ," ಎಂದರು ಶಿವಗಂಗವ್ವ. "ನಮ್ಮ ಸರ್ವರಿಗೆ ಒಮ್ಮೆ ನುಗ್ಗಿದ್ದರು. ಅದರಿಂದ ಕಲಿತೆ. ನಿಮಗೆ ಹಾಗೆ ಕಲಿಯುವ ಪಾಳಿ ಬರಬಾರದು ಎಂದೇ ಇವತ್ತು ಕರೆದದ್ದು. ಮೊದಲು ಹೇಳಿ, ನಿಮ್ಮ ಸರ್ವರಿನಲ್ಲಿ ಒಟ್ಟು ಎಷ್ಟು ಹೆಸರುಗಳಿವೆ?"

ಅವನು ಯೋಚಿಸಿದ. ಪಕ್ಕದವರನ್ನು ನೋಡಿದ. ಯಾರಿಗೂ ಗೊತ್ತಿರಲಿಲ್ಲ.

"ಅಲ್ಲಿಂದ ಶುರು ಮಾಡೋಣ," ಎಂದು ಶಿವಗಂಗವ್ವ ಕಪ್ಪುಹಲಗೆಯ ಕಡೆ ತಿರುಗಿದರು. ಮೂರು ಗಂಟೆ ಮಾತಾಡಿದರು, ನಡುವೆ ನೀರು ಕುಡಿಯುವುದಕ್ಕೂ ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಮಂಜರಿ ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯ ಬೀಳಲಿಲ್ಲ. ತಿಂಗಳೊಳಗೆ ಹನ್ನೊಂದರಲ್ಲಿ ಒಂಬತ್ತು ಆಸ್ಪತ್ರೆಗಳು ತಮ್ಮ ಸರ್ವರುಗಳನ್ನು ಸರಿಪಡಿಸಿಕೊಂಡವು. ಉಳಿದ ಎರಡಕ್ಕೆ ಶಿವಗಂಗವ್ವ ತಾವೇ ಬಸ್ಸು ಹಿಡಿದು ಹೋಗಿ ಕುಳಿತು ಮಾಡಿಸಿ ಬಂದರು.

ಓದುಗರೇ, ನೀವೂ ಒಂದು ಸರ್ವರ್ ನೋಡಿಕೊಳ್ಳುತ್ತೀರಾ? ಸಹಕಾರಿ ಸಂಘದ್ದು, ಶಾಲೆಯದು, ದವಾಖಾನೆಯದು, ಯಾವುದಾದರೂ ಸರಿ. ನಮ್ಮಲ್ಲಿ ಏನಿದೆ ಎಂದು ಬರುತ್ತಾರೆ ಎನ್ನಬೇಡಿ. ನಾಳೆ ಕೆಲಸಕ್ಕೆ ಹೋದ ಕೂಡಲೇ ಅದರಲ್ಲಿರುವ ಹೆಸರುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ. ಯಾರದೆಂದು ಗೊತ್ತಾಗದ್ದನ್ನು ಕೇಳಿ ತಿಳಿದು ತೆಗೆಯಿರಿ. ಒಬ್ಬೊಬ್ಬರಿಗೆ ಅವರದೇ ಪಾಸ್‌ವರ್ಡ್ ಕೊಡಿ. ಉಪಯೋಗವಿಲ್ಲದ ಸೇವೆಗಳನ್ನು ಬಂದ್ ಮಾಡಿ, ಬಾಕಿ ಬಿದ್ದ ಅಪ್‌ಡೇಟ್‌ಗಳನ್ನು ಮುಗಿಸಿ, ಫೈರ್‌ವಾಲ್ ಚಾಲೂ ಇದೆಯೇ ನೋಡಿ. ಈ ವಾರವೇ ಒಂದು ಬ್ಯಾಕಪ್ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ದಿನಾ ಬೆಳಗ್ಗೆ ಹತ್ತು ನಿಮಿಷ ಲಾಗ್ ಓದಿ. ತಿಳಿಯದಿದ್ದರೆ ತಿಳಿದವರ ಬಾಗಿಲು ತಟ್ಟಿ, ಆದರೆ ಕೀಬೋರ್ಡ್ ನಿಮ್ಮ ಕೈಯಲ್ಲೇ ಇರಲಿ.

ಆ ಮಷೀನಿನೊಳಗೆ ಹೆಸರು ಬರೆಸಿದ ಸಾವಿರಾರು ಜನ ನಿಮ್ಮ ಮುಖ ನೋಡಿದವರಲ್ಲ. ಆದರೂ ತಮ್ಮ ಗುಟ್ಟು, ತಮ್ಮ ವಿಳಾಸ, ಕೆಲವೊಮ್ಮೆ ತಮ್ಮ ಜೀವವನ್ನೂ ನಿಮ್ಮ ಕೈಗೆ ಕೊಟ್ಟಿದ್ದಾರೆ. ಕಾಯುವ ಕೆಲಸ ನಿಮ್ಮದು. ತಲೆ ಎತ್ತಿ ಮಾಡಿ.